ಐನಾಪುರದ ಧಾತು ಬಾಟಲಿಗೆ ಇಳಿದದ್ದು

ಐನಾಪುರದ ಮಂಡಲ ಪಂಚಾಯತಿಯಲ್ಲಿ ನೀರು ಬಿಡುವ ಕೆಲಸದ ಲಗಮಣ್ಣನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು ಎಂಬುದು ಲಗಮಣ್ಣನ ಅಭಿಪ್ರಾಯ. ಅವನ ಹೆಂಡತಿ ಚನ್ನವ್ವನ ಅಭಿಪ್ರಾಯ ಬೇರೆ ಇತ್ತು. ಅವಳು ಮಿರಜದಲ್ಲಿ ಹುಟ್ಟಿ, ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಆದರೆ ಮರಾಠಿಯವರು ಯಾರಾದರೂ ಮನೆಗೆ ಬಂದರೆ ಲಗಮಣ್ಣ ಅವಳನ್ನು ಚಹಾ ಮಾಡಲು ಒಳಗೆ ಕಳಿಸಿ, ತಾನೇ ಮಾತಿಗೆ ಕೂಡುತ್ತಿದ್ದ. ಕೂಡ್ರಿ ಎನ್ನುವ "ಬಸಾ, ಬಸಾ"ದಿಂದ ಶುರುವಾದ ಅವನ ಮರಾಠಿ, ಆಯಿತು ಎನ್ನುವ "ಬರಂ, ಬರಂ"ದಲ್ಲಿ ಮುಗಿಯುತ್ತಿತ್ತು. ನಡುವಿನದನ್ನೆಲ್ಲ ಅವನು ತಲೆಯಾಡಿಸಿಯೇ ದಾಟುತ್ತಿದ್ದ.

ಐನಾಪುರದ ಅರ್ಧ ಊರಿಗೆ ಮರಾಠಿ ಬರುತ್ತದೆ. ಆದರೆ ಅದು ಸಂತೆಯ ಮರಾಠಿ. ಬದನೆಕಾಯಿ ಕೊಳ್ಳಲು, ಎಮ್ಮೆಯ ಹಲ್ಲು ನೋಡಲು, ಬೀಗರ ಮೇಲೆ ಸಿಟ್ಟಾಗಲು ಅಷ್ಟು ಸಾಕು. ಪುಸ್ತಕದ ಮರಾಠಿ ಎದುರಾದಾಗ ಮಾತ್ರ ಎಲ್ಲರೂ ಲಗಮಣ್ಣನ ಕಡೆ ನೋಡುತ್ತಿದ್ದರು. ಯಾಕೆಂದರೆ ಕ್ಷೌರದ ಅಂಗಡಿಯಲ್ಲಿ ಮರಾಠಿ ಪೇಪರನ್ನು ಗಟ್ಟಿಯಾಗಿ ಓದುವವನು ಅವನೊಬ್ಬನೇ. ಓದಿದ್ದರ ಅರ್ಥವನ್ನು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

೧೯೮೯ರ ಬೇಸಿಗೆಯಲ್ಲಿ ಪುಸ್ತಕದ ಮರಾಠಿ ಜೀಪಿನಲ್ಲಿ ಕೂತು ಊರಿಗೇ ಬಂತು. ಗಡಿಯಾಚೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಭಾವುಸಾಹೇಬ ಎಂಬ ಪ್ರೊಫೆಸರು ಸುತ್ತಲಿನ ಊರುಗಳ ಬಾವಿ ನೀರನ್ನು ಪರೀಕ್ಷೆ ಮಾಡಿದ್ದರು. ಐನಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಬಾವಿಯ ನೀರು ನೋಡಿ ಅವರು ಗಾಬರಿಯಾಗಿ ಬಂದಿದ್ದರು. ಆ ಬಾವಿಯ ಪಕ್ಕದಲ್ಲಿ ಅಕ್ಬರಸಾಬನ ಬ್ಯಾಟರಿ ಅಂಗಡಿ ಇತ್ತು. ಟ್ರ್ಯಾಕ್ಟರುಗಳ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸದ ಪ್ಲೇಟು ತೊಳೆದು, ತೊಳೆದ ನೀರನ್ನು ಅವನು ಹತ್ತು ವರ್ಷದಿಂದ ಹಿಂದಿನ ಗುಂಡಿಗೆ ಚೆಲ್ಲುತ್ತಿದ್ದ. ಗುಂಡಿ ತುಂಬಿ, ಆ ಬೇಸಿಗೆಯಲ್ಲಿ ಅದು ಸದ್ದಿಲ್ಲದೆ ಬಾವಿಗೆ ಇಳಿಯತೊಡಗಿತ್ತು. ಊರಿನ ನಳಕ್ಕೆಲ್ಲ ನೀರು ಹೋಗುವುದು ಅದೇ ಬಾವಿಯಿಂದ.

ಪ್ರೊಫೆಸರು ತಮ್ಮ ಜೊತೆ ಒಂದು ಡಬ್ಬ ಕಪ್ಪು ಪುಡಿ ತಂದಿದ್ದರು. ಗಾಜಿನ ಲೋಟದ ನೀರಿಗೆ ಚಿಟಿಕೆ ಪುಡಿ ಹಾಕಿ ಕಲಕಿದರು. ನೀರು ಮಸಿಯಂತಾಯಿತು. ಲೋಟದ ಹೊರಗೆ ಒಂದು ಚುಂಬಕ ಹಿಡಿದದ್ದೇ ತಡ, ಪುಡಿಯೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಆ ಕಡೆಗೆ ಓಡಿ ಅಂಟಿಕೊಂಡಿತು. ಉಳಿದ ನೀರು ತಿಳಿಯಾಗಿ ನಿಂತಿತು. ನೀರಿನಲ್ಲಿ ಕರಗಿದ ಸೀಸ ಪುಡಿಗೆ ಹತ್ತಿಕೊಳ್ಳುತ್ತದೆ, ಪುಡಿಯನ್ನು ಚುಂಬಕ ಎಳೆದುಕೊಳ್ಳುತ್ತದೆ, ತಿಳಿ ನೀರು ನಳಕ್ಕೆ ಹೋಗುತ್ತದೆ ಎಂದು ಅವರು ಮರಾಠಿಯಲ್ಲಿ ಅರ್ಧ ತಾಸು ವಿವರಿಸಿದರು. ಲಗಮಣ್ಣ ಅರ್ಧ ತಾಸು "ಬರಂ, ಬರಂ" ಎಂದ.

"ಸಮಜಲಂ ಕಾ?" ಎಂದು ಅವರು ಕೇಳಿದರು. ತಿಳಿಯಿತೇ ಅಂತ.

"ಸಗಳಂ ಸಮಜಲಂ," ಎಂದ ಲಗಮಣ್ಣ. ಎಲ್ಲ ತಿಳಿಯಿತು.

ಬಾವಿಯ ಪಕ್ಕದ ಸಿಮೆಂಟು ತೊಟ್ಟಿಗೆ ದಿನಾ ಎಷ್ಟು ಪುಡಿ ಹಾಕಬೇಕು, ಅಂಟಿದ ಕೆಸರನ್ನು ಹೇಗೆ ಬಾಟಲಿಗೆ ತುಂಬಬೇಕು ಎಂದು ಅವರು ತೋರಿಸಿಕೊಟ್ಟರು. ಕೈಕೆಲಸದಲ್ಲಿ ಲಗಮಣ್ಣ ಚುರುಕು, ಅದರಲ್ಲಿ ತಪ್ಪಲಿಲ್ಲ. ಹೋಗುವಾಗ ಪ್ರೊಫೆಸರು ಊರಲ್ಲಿ ಸಾರಲು ಒಂದು ಚೀಟಿ ಬರೆದುಕೊಟ್ಟು, ಹನ್ನೆರಡು ದಿನ ಬಿಟ್ಟು ಬರುವುದಾಗಿ ಹೇಳಿದರು. ಆ ಹೊತ್ತಿಗೆ ಚನ್ನವ್ವ ಊರಲ್ಲಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವಳು ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಹಿಂದಿನ ದಿನವೇ ಮಗನನ್ನೂ ಕರೆದುಕೊಂಡು ಮಿರಜಕ್ಕೆ ಹೋಗಿದ್ದಳು.

ಚೀಟಿಯಲ್ಲಿ ನಾಲ್ಕು ಸಾಲಿದ್ದವು. ಮೊದಲನೆಯ ಸಾಲಿನಲ್ಲೇ ನೀರಿನಲ್ಲಿ 'ಜಡ ಧಾತೂ' ಇವೆ ಎಂದಿತ್ತು. ಜಡ ಎಂದರೆ ಭಾರ, ಅದು ಲಗಮಣ್ಣನಿಗೆ ಗೊತ್ತು. ಧಾತು ಎಂಬ ಮಾತು ಅವನಿಗಷ್ಟೇ ಅಲ್ಲ, ಇಡೀ ಊರಿಗೆ ಗೊತ್ತು. ಬಸ್ ಸ್ಟ್ಯಾಂಡಿನ ಮೂತ್ರಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿತ್ತಲ್ಲ: "ಧಾತು ನಷ್ಟವೇ? ನಿರಾಶರಾಗಬೇಡಿ. ಪ್ರತಿ ಗುರುವಾರ ಅಥಣಿಯ ಲಾಡ್ಜಿನಲ್ಲಿ ವೈದ್ಯರನ್ನು ಕಾಣಿರಿ." ಗಂಡಸುತನ ಎಂಬುದನ್ನು ಬಿಟ್ಟು ಆ ಮಾತಿಗೆ ಬೇರೊಂದು ಅರ್ಥ ಇರಬಹುದೆಂದು ಅದನ್ನು ನಿಂತು ಓದಿದ ಯಾವ ಗಂಡಸಿಗೂ ಅನ್ನಿಸಿರಲಿಲ್ಲ. ನಾಲ್ಕನೆಯ ಸಾಲು ಸಹಿಗೆ ತಾಗಿಕೊಂಡೇ ಇದ್ದುದರಿಂದ ಅದು 'ತಮ್ಮ ವಿಶ್ವಾಸಿ' ಎನ್ನುವಂಥದ್ದಿರಬೇಕೆಂದು ಲಗಮಣ್ಣ ಓದದೆ ಬಿಟ್ಟ.

ಜಮಾಲಸಾಬನ ಟಾಂಗಾಕ್ಕೆ ಲೌಡ್ ಸ್ಪೀಕರ್ ಕಟ್ಟಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಮುಂಜಾನೆ ಹೊರಟ.

"ಐನಾಪುರದ ಸಮಸ್ತ ಜನರಿಗೆ ತಿಳಸೂದೇನಂದ್ರ, ನಮ್ಮ ಬಾವಿ ನೀರಾಗ ಜಡ ಧಾತು ಭಾಳ ಐತಿ ಅಂತ ತಪಾಸದಾಗ ಕಂಡೈತಿ. ಇವತ್ತಿನಿಂದ ಪುಡಿ ಹಾಕಿ, ಚುಂಬಕ ಹಚ್ಚಿ, ಧಾತು ಎಲ್ಲಾ ಜಗ್ಗಿ ತಗೀತೇವಿ. ಇನ್ನ ಮ್ಯಾಲೆ ನಳದ ನೀರ ಕುಡದವರಿಗೆ ಧಾತು ಇರೂದಿಲ್ಲ. ಎಲ್ಲಾರೂ ಇದರ ಲಾಭ ತಗೋಬೇಕ್ರಿ."

ಕೊನೆಯ ಎರಡು ಮಾತು ಚೀಟಿಯಲ್ಲಿರಲಿಲ್ಲ. ಅವು ಅನುವಾದಕನ ಕೊಡುಗೆ.

ಕ್ಷೌರದ ಅಂಗಡಿಯಲ್ಲಿ ಕತ್ತಿ ಅರ್ಧ ಗಲ್ಲದ ಮೇಲೆ ನಿಂತಿತು. ಹೋಟೆಲಿನಲ್ಲಿ ಚಹಾಕ್ಕೆ ಮೊದಲು ನೀರು ಕುಡಿಯುತ್ತಿದ್ದ ನಾಲ್ವರು ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ, ಉಗುಳಲೂ ಆಗದೆ, ಗಲ್ಲ ಉಬ್ಬಿಸಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಜಮಾಲಸಾಬ ಲಗಾಮು ಜಗ್ಗಿ ಕುದುರೆ ನಿಲ್ಲಿಸಿದ.

"ಲಗಮಣ್ಣಾ, ಏನಂದಿ ನೀ ಈಗ?"

"ಚೀಟ್ಯಾಗ ಇದ್ದದ್ದ ಅಂದೆ."

"ಕುಡದವರಿಗೆ ಇರೂದಿಲ್ಲ ಅಂತ ಬರದೈತಿ?"

"ಸ್ವಚ್ಛ ಬರದೈತಿ."

"ನಾ ಮುಂಜಾನೆ ಎರಡು ತಂಬಗಿ ಕುಡದು ಬಂದೀನಲ್ಲೋ ಮಾರಾಯಾ," ಎಂದ ಜಮಾಲಸಾಬ. ಅವನ ದನಿ ಸಣ್ಣದಾಗಿತ್ತು. ಟಾಂಗಾ ತಿರುಗಿಸಿ ನೇರವಾಗಿ ಮನೆಗೆ ಹೊಡೆದ. ಹೀಗಾಗಿ ಅರ್ಧ ಊರು ಮಾತ್ರ ಸಾರಿದ್ದನ್ನು ಕಿವಿಯಾರೆ ಕೇಳಿತು. ಉಳಿದರ್ಧ ಊರು ಈ ಅರ್ಧ ಊರಿನಿಂದ ಕೇಳಿತು. ಅದು ಇನ್ನೂ ಭಯಂಕರವಾಗಿತ್ತು.

ಮಧ್ಯಾಹ್ನದೊಳಗೆ ತಾಲೀಮಿನ ವಸ್ತಾದ ಮುರಗೆಪ್ಪ ತೊಟ್ಟಿಯ ಹತ್ತಿರ ಬಂದ. ಊರ ಹುಡುಗರಿಗೆ ಕುಸ್ತಿ ಕಲಿಸುವ, ಕಿವಿ ಮುರಿದ, ಕಂಬದಂಥ ಆಳು. ಅವನ ಹಿಂದೆ ಹನ್ನೊಂದು ಪೈಲವಾನರು. ಅದರಲ್ಲೊಬ್ಬನನ್ನು ಇಬ್ಬರು ಹಿಡಿದುಕೊಂಡಿದ್ದರು, ಅವನಿಗೆ ಆಗಲೇ ಕೈಕಾಲು ಸೋತಿದ್ದವು.

"ಲಗಮಣ್ಣಾ, ಇದು ಯಾರ ಆರ್ಡರ?"

"ಮ್ಯಾಲಿಂದ ಬಂದೈತಿ."

"ಗಂಡಸರ ಧಾತು ತಗದು ಮ್ಯಾಲಿನವರು ಏನ ಮಾಡವರ?"

ಲೌಡ್ ಸ್ಪೀಕರಿನ ಹುರುಪಿನಲ್ಲಿ ತಾನು ಸಾರಿದ್ದರ ಅರ್ಥ ಅಲ್ಲಿಯವರೆಗೆ ಲಗಮಣ್ಣನಿಗೇ ಹೊಳೆದಿರಲಿಲ್ಲ. ಹೊಳೆದ ಕೂಡಲೇ ಅವನು ಕಿಸೆಯ ಚೀಟಿಯನ್ನು ಮುಟ್ಟಿ ನೋಡಿಕೊಂಡ. ಆದರೆ ಹನ್ನೊಂದು ಪೈಲವಾನರ ಎದುರಿಗೆ ತನಗೆ ಮರಾಠಿ ಸರಿಯಾಗಿ ಬರುವುದಿಲ್ಲ ಎನ್ನುವುದು ಹೇಗೆ? ಅವನು ಗಂಭೀರನಾಗಿ ಆಕಾಶ ನೋಡಿದ. ಅದನ್ನು ನೋಡಿದ ಜನ ದಿಲ್ಲಿ ಎಂದು ಅರ್ಥ ಮಾಡಿಕೊಂಡರು.

"ಕುಟುಂಬ ಯೋಜನಾ," ಎಂದ ಮುರಗೆಪ್ಪ, ನಿಧಾನವಾಗಿ. "ಹಿಂದ ಜೀಪಿನ್ಯಾಗ ಎತ್ತಿ ಒಯ್ದು ಆಪರೇಶನ್ ಮಾಡತಿದ್ರು. ಅದು ನಡೀಲಿಲ್ಲ. ಈಗ ನಳದಾಗ ಬಿಟ್ಟಾರ."

ಅಷ್ಟರಲ್ಲಿ ಆರೋಗ್ಯ ಕೇಂದ್ರದ ಕಂಪೌಂಡರು ಸೈಕಲ್ಲಿನ ಮೇಲೆ ಅದೇ ದಾರಿಯಲ್ಲಿ ಬಂದ. ಗುಂಪು ನೋಡಿ ಏನೆಂದು ಕೇಳಿದ. ಅವನನ್ನೇ ದಿಟ್ಟಿಸಿದ ಅಷ್ಟೂ ಜನರ ಕಣ್ಣು ನೋಡಿ, ಉತ್ತರಕ್ಕೆ ಕಾಯದೆ ಸೈಕಲ್ ತಿರುಗಿಸಿದ. ಅವನು ಓಡಿಹೋದದ್ದೇ ಸಾಕ್ಷಿಯಾಯಿತು.

"ಅಲ್ಲ, ಒಂದು ಮಾತು," ಎಂದ ಮುರಗೆಪ್ಪ. "ಜಡ ಧಾತು ಅಂದ್ರ ಎಂಥಾದ್ದು?"

"ಜಡ ಅಂದ್ರ ತೂಕದ್ದು. ಗಟ್ಟೀದು," ಎಂದ ಲಗಮಣ್ಣ. ಇಷ್ಟಾದರೂ ತನಗೆ ಖಚಿತವಾಗಿ ಗೊತ್ತಿದ್ದಕ್ಕೆ ಅವನಿಗೆ ಸಮಾಧಾನವಾಯಿತು.

"ತೊಟ್ಟಿಗೆ ಬಂದ ಮ್ಯಾಲೆ ತಗೀತಾರ. ಬಾವ್ಯಾಗ ಹಂಗ ಐತಿ?"

"ಬಾವ್ಯಾಗ ಹಂಗ ಐತಿ."

ಪೈಲವಾನರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಗ್ಗ ತಂದರು.

ಮರುದಿನದಿಂದ ನಳದ ಮುಂದೆ ಹೆಂಗಸರು ಬಿಟ್ಟರೆ ಗಂಡು ನಾಯಿ ಕೂಡ ನಿಲ್ಲಲಿಲ್ಲ. ಬಾವಿಯ ಸುತ್ತ ಮಾತ್ರ ಮುಂಜಾನೆ ಐದರಿಂದ ಗಂಡಸರ ಪಾಳಿ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಗಟ್ಟಿ ಧಾತು ಬಾವಿಯ ತಳದಲ್ಲಿತ್ತು, ಕಾಲೇಜಿನವರು ಅದನ್ನು ಕಂಡುಹಿಡಿದು ಕದಿಯಲು ಬಂದಿದ್ದಾರೆ ಎಂದು ಊರು ತೀರ್ಮಾನಿಸಿತ್ತು. ಮುರಗೆಪ್ಪ ಬಕೆಟ್ಟಿನಿಂದಲೇ ಎತ್ತಿ ಕುಡಿದ. ಜಮಾಲಸಾಬ ಕಳೆದುಹೋದದ್ದನ್ನು ತುಂಬಿಕೊಳ್ಳಲು ದಿನಕ್ಕೆ ಆರು ತಂಬಿಗೆ ಕುಡಿದ. ಅಕ್ಬರಸಾಬ ತನ್ನ ಅಂಗಡಿಯ ಬಾಗಿಲಿಗೇ ಇಂಥ ಭಾಗ್ಯ ಬಂದದ್ದಕ್ಕೆ ಹಿಗ್ಗಿ, ಪಾಳಿಯಲ್ಲಿ ನಿಂತವರಿಗೆ ಬೆಂಚು ಹಾಕಿಸಿ, ತಾನೂ ಕುಡಿದ. ನಾಲ್ಕನೆಯ ದಿನ ಹತ್ತಿರದ ಹಳ್ಳಿ ಅನಂತಪುರದಿಂದ ಟ್ರ್ಯಾಕ್ಟರಿನಲ್ಲಿ ಹಾಲಿನ ಕ್ಯಾನುಗಳು ಬಂದವು. ಯಾರಿಗೂ ಯಾಕೆ ಎಂದು ಕೇಳುವ ರೂಢಿ ಇರಲಿಲ್ಲ, ಬಂದವರೂ ಹೇಳುತ್ತಿರಲಿಲ್ಲ. "ಅಡಗಿಗೆ ಭಾಳ ರುಚಿ ಆಕ್ಕೈತಂತ್ರಿ" ಎಂದು ನೆಲ ನೋಡುತ್ತ ತುಂಬಿಕೊಳ್ಳುತ್ತಿದ್ದರು.

ಲಗಮಣ್ಣನಿಗೂ ಐವತ್ತೆರಡಾಗಿತ್ತು. ಮುಂಜಾನೆ ಒಂದು, ಸಂಜೆ ಒಂದು ತಂಬಿಗೆ ಎಂದು ಅವನೂ ಶುರು ಮಾಡಿದ. ವಾರದೊಳಗೆ ಹೊಟ್ಟೆಯಲ್ಲಿ ಏನೋ ತಿರುಚಿದಂತಾಗತೊಡಗಿತು. ಬಾಯಿಯಲ್ಲಿ ತಗಡು ನೆಕ್ಕಿದ ರುಚಿ. ಮುರಗೆಪ್ಪನಿಗೂ ಹಾಗೆಯೇ ಆಗುತ್ತಿತ್ತು.

"ಒಳಗ ತುಂಬಾಕತ್ತೈತಿ," ಎಂದು ಮುರಗೆಪ್ಪ ಹೊಟ್ಟೆ ಹಿಡಿದುಕೊಂಡೇ ವಿವರಿಸಿದ. "ಗಟ್ಟಿ ವಸ್ತು. ಜಾಗಾ ಮಾಡಿಕೊಳ್ಳಾಕ ನಾಕು ದಿನ ಬೇಕಲ್ಲಾ."

ಒಂಬತ್ತನೆಯ ದಿನ ರಾಯಬಾಗದಿಂದ ಗೌರಾಬಾಯಿ ಬಂದಳು. ಲಗಮಣ್ಣನ ಮಗ ಬಾಬಾಸಾಹೇಬನಿಗೆ ಅವಳ ಮಗಳು ಕಸ್ತೂರೆವ್ವನನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಐನಾಪುರದ ಗಂಡಸರ ಸುದ್ದಿ ಬಸ್ಸಿನಲ್ಲಿ ಕೂತು ರಾಯಬಾಗಕ್ಕೂ ಹೋಗಿತ್ತು. ಅಲ್ಲಿ ಯಾವ ಮನೆಯವರೂ ಈಗ ಐನಾಪುರಕ್ಕೆ ಹೆಣ್ಣು ಕೊಡುವ ಮಾತು ಎತ್ತುತ್ತಿರಲಿಲ್ಲ. ಆದರೆ ಬೀಗರ ಎದುರು ಕೂತು ಇಂಥದ್ದನ್ನು ಒಬ್ಬ ಹೆಂಗಸು ಕೇಳುವುದಾದರೂ ಹೇಗೆ. ಅವಳು ಸೆರಗು ಸರಿಮಾಡಿಕೊಂಡು, ಗೋಡೆಯ ಕ್ಯಾಲೆಂಡರಿಗೆ ಹೇಳುವಂತೆ ಕೇಳಿದಳು.

"ಅಣ್ಣಾರ, ನಿಮ್ಮ ಹುಡುಗ ಯಾವ ನೀರ ಕುಡೀತಾನ್ರಿ?"

ಲಗಮಣ್ಣನಿಗೆ ಪ್ರಶ್ನೆ ಪೂರ್ತಿ ಅರ್ಥವಾಯಿತು. ಹುಡುಗ ಅವ್ವನ ಜೊತೆ ಮಿರಜದಲ್ಲಿದ್ದಾನೆ ಎಂಬುದನ್ನು ಅವನು ಎತ್ತಲಿಲ್ಲ.

"ಅವಾ ನಳದ್ದು ಮುಟ್ಟಾಂವಲ್ರಿ ಅಕ್ಕಾರ. ಮೊದಲನೇ ದಿನದಿಂದ ಬಾವೀದ."

"ದಿನಾ?"

"ದಿನಾ ಒಂದು ಕೊಡ."

ಗೌರಾಬಾಯಿ ಉಸಿರು ಬಿಟ್ಟಳು. ಚಹಾ ಕುಡಿದು ಏಳುವಾಗ ಬಾಗಿಲಲ್ಲಿ ನಿಂತು, ಈ ಸಲ ಹೊಸ್ತಿಲಿಗೆ ಹೇಳಿದಳು.

"ನಮ್ಮ ಮನಿಯವರಿಗೂ ಈಗೀಗ ಭಾಳ ದಣವು ಅಂತಾರ. ಒಂದು ಕ್ಯಾನ್ ತುಂಬಿಸಿಕೊಟ್ರ ಭಾಳ ಉಪಕಾರ ಆಕ್ಕೈತ್ರಿ."

ಲಗಮಣ್ಣ ಎರಡು ಕ್ಯಾನ್ ತುಂಬಿಸಿ ಬಸ್ಸಿನ ಮೇಲೆ ಹೊತ್ತು ಹಾಕಿಸಿದ. ಬೀಗತನ ಗಟ್ಟಿಯಾಯಿತು ಎಂದುಕೊಂಡ.

ಹನ್ನೆರಡನೆಯ ದಿನ ಪ್ರೊಫೆಸರ ಜೀಪು ಬಂತು. ನಳದ ಮುಂದೆ ಬರೀ ಹೆಂಗಸರು ಇರುವುದನ್ನೂ, ಬಾವಿಯ ಸುತ್ತ ಇನ್ನೂರು ಜನ ನೆರೆದಿರುವುದನ್ನೂ ಅವರು ನೋಡಿದರು. ಜನ ತಮಗಾಗಿಯೇ ಸೇರಿದ್ದಾರೆ ಎಂದು ತಿಳಿದು ಅವರಿಗೆ ಸಂತೋಷವಾಯಿತು. ಹನ್ನೆರಡು ದಿನ ಲಗಮಣ್ಣ ತಪ್ಪದೆ ಸಂಗ್ರಹಿಸಿದ್ದ ಕಪ್ಪು ಕೆಸರಿನ ಬಾಟಲಿಯನ್ನು ತೆಗೆದುಕೊಂಡು, ತೊಟ್ಟಿಯ ಕಟ್ಟೆ ಹತ್ತಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಮರಾಠಿಯಲ್ಲಿ ಏನೋ ಹೇಳಿದರು.

"ಏನಂತಾರ?" ಎಂದ ಮುರಗೆಪ್ಪ.

ಲಗಮಣ್ಣ ಅವನ ಕಡೆ ನೋಡದೆ ಹೇಳಿದ. "ಇಡೀ ಊರಿನ ಧಾತು ಈ ಬಾಟ್ಲ್ಯಾಗ ಐತಿ ಅಂತಾರ."

ಇನ್ನೂರು ಗಂಡಸರು ಆ ಬಾಟಲಿಯನ್ನು ನೋಡಿದರು. ಅರ್ಧ ಲೀಟರಿನ ಬಾಟಲಿ. ಕೆಲವರು ಟೊಪ್ಪಿಗೆ ತೆಗೆದರು. ಹಿಂದೆ ಯಾರೋ ಒಬ್ಬ ಮುದುಕ ಕುಸಿದು ಕೂತ.

"ತಿರುಗಿ ಹಾಕಾಕ ಬರ್ತೈತೇನು, ಕೇಳು," ಎಂದ ಮುರಗೆಪ್ಪ.

ಲಗಮಣ್ಣ ಕೇಳಿದ. ಪುಡಿಯಿಂದ ಸೀಸವನ್ನು ಮತ್ತೆ ಬಿಡಿಸಲು ಬರುತ್ತದೆಯೇ ಎಂದು ಕೇಳುತ್ತಿದ್ದಾನೆಂದು ತಿಳಿದ ಪ್ರೊಫೆಸರು ಬಹಳ ಮೆಚ್ಚಿದರು. ಎಂಥ ಹಳ್ಳಿಯಲ್ಲಿ ಎಂಥ ಪ್ರಶ್ನೆ. ಉತ್ಸಾಹದಿಂದ ಉತ್ತರ ಕೊಟ್ಟರು.

"ಅಸಿಡ್ ಹಾಕಿದ್ರ ಬರ್ತೈತಂತ," ಎಂದ ಲಗಮಣ್ಣ.

ಮುಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ಪ್ರೊಫೆಸರು ಮುಂದುವರಿಸಿದರು. ಬಾಟಲಿಯನ್ನು ಪುಣೆಗೆ ಕಳಿಸಿ ಅಳೆಸುವುದಾಗಿ ಹೇಳಿದರು. ಲಗಮಣ್ಣ ಅದನ್ನೂ ತಿಳಿಸಿದ.

"ಪುಣೆದಾಗ ಅಳೀತಾರ?" ಜಮಾಲಸಾಬನ ಮುಖ ಬಿಳಿಚಿತು. "ಯಾರದು ಎಷ್ಟು ಅಂತ ಬ್ಯಾರೆ ಬ್ಯಾರೆ ಬರೀತಾರೇನು?"

ಮುರಗೆಪ್ಪ ಇನ್ನು ತಡೆಯಲಿಲ್ಲ. ಕಟ್ಟೆ ಹತ್ತಿ, ಪ್ರೊಫೆಸರ ಕೈಯಿಂದ ಬಾಟಲಿ ಕಿತ್ತು, ಕೂಸನ್ನು ಹಿಡಿದಂತೆ ಎದೆಗೆ ಅವುಚಿಕೊಂಡ. "ಊರಿಂದು ಊರಾಗ ಇರ್ತೈತಿ," ಎಂದ. ಪ್ರೊಫೆಸರು ಬೆಚ್ಚಿ, ಅದು ವಿಷ, ವಿಷ ಎಂದು ಮರಾಠಿಯಲ್ಲಿ ಕೂಗಿದರು. ಜನ ಕದಲಲಿಲ್ಲ, ಕಳ್ಳ ಹಾಗೆ ಹೇಳದೆ ಇನ್ನೇನು ಹೇಳಿಯಾನು. ಅಷ್ಟರಲ್ಲಿ ಮಿರಜದ ಬಸ್ಸು ಬಂದು ನಿಂತಿತು. ಚನ್ನವ್ವ ಇಳಿದಳು.

ಬಸ್ಸಿನ ತುಂಬ ಖಾಲಿ ಕ್ಯಾನು ಹಿಡಿದ ಗಂಡಸರ ನಡುವೆ ಕೂತು ಬಂದವಳು ಅವಳು. ಕಂಡಕ್ಟರು ದಾರಿಯುದ್ದಕ್ಕೂ ಅವರನ್ನು ನೋಡಿ ನಕ್ಕಿದ್ದನ್ನೂ ಕಂಡಿದ್ದಳು. ಕೈಚೀಲ ಕೆಳಗಿಟ್ಟು ನೇರವಾಗಿ ಪ್ರೊಫೆಸರ ಹತ್ತಿರ ಹೋಗಿ ಮರಾಠಿಯಲ್ಲಿ ನಾಲ್ಕು ಮಾತು ಕೇಳಿದಳು. ಅವರು ಹತ್ತು ಮಾತು ಹೇಳಿದರು. ಆಮೇಲೆ ಗಂಡನ ಕಡೆ ಕೈ ಚಾಚಿದಳು. ಅವನು ಕಿಸೆಯಿಂದ ಚೀಟಿ ತೆಗೆದು ಕೊಟ್ಟ.

ಓದಿ ಮುಗಿಸಿ ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು.

"ಮುರಗೆಪ್ಪಣ್ಣಾ, ಬಾಟ್ಲಿ ಮೊದಲ ಕೆಳಗ ಇಡು."

"ಇಡಂಗಿಲ್ಲ ತಂಗೆವ್ವಾ. ಇದರಾಗ ಊರಿನ ಮಾನ ಐತಿ."

"ಅದರಾಗ ಸೀಸ ಐತಿ. ಧಾತು ಅಂದ್ರ ಪುಸ್ತಕದಾಗ ಲೋಹ. ಕಬ್ಬಿಣ, ತಾಮ್ರ, ಸೀಸ ಇವಕ್ಕೆಲ್ಲಾ ಧಾತು ಅಂತಾರ. ನಾವು ಆರನೇ ಇಯತ್ತೆದಾಗ ಕಲಿತೇವಿ. ಅಕ್ಬರಣ್ಣನ ಬ್ಯಾಟರಿ ಸೀಸ ಬಾವ್ಯಾಗ ಇಳದೈತಿ. ಅದನ್ನ ತಗ್ಯಾಕ ಸಾಹೇಬರು ಬಂದಾರ."

ಗುಂಪಿನಲ್ಲಿ ಒಂದು ಸಣ್ಣ ನಗು ಹುಟ್ಟಿತು. ಅದು ಹಬ್ಬಿತು. ಜಮಾಲಸಾಬ ಪಕ್ಕದವನನ್ನು ತಬ್ಬಿಕೊಂಡ. "ಬರೇ ವಿಷ ಏನವ್ವಾ?" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. "ಮತ್ತೇನೂ ಅಲ್ಲಲ್ಲಾ?"

"ನಗಬ್ಯಾಡ್ರಿ," ಎಂದಳು ಚನ್ನವ್ವ. "ಚೀಟ್ಯಾಗ ಕಡೀ ಸಾಲು ಓದತೇನಿ, ಕೇಳ್ರಿ. ಬಾವೀ ನೀರನ್ನ ಸೀದಾ ಯಾರೂ ಕುಡೀಬಾರದು, ಮೈಗೆ ವಿಷ ಏರ್ತೈತಿ ಅಂತ ಐತಿ."

ನಗು ನಿಂತಿತು. ಬಾವಿಯ ಕಟ್ಟೆಯ ಮೇಲೆ ತಂಬಿಗೆ ಎತ್ತಿದ್ದವನೊಬ್ಬ ಎತ್ತಿದಂತೆಯೇ ಉಳಿದ. ಇನ್ನೂರು ಗಂಡಸರು ಸದ್ದಿಲ್ಲದೆ ಲೆಕ್ಕ ಹಾಕತೊಡಗಿದರು: ದಿನಕ್ಕೆ ಎಷ್ಟು ತಂಬಿಗೆ, ಎಷ್ಟು ದಿನ. ಮುರಗೆಪ್ಪ ಬಾಟಲಿಯನ್ನು ಎರಡೂ ಕೈಯಿಂದ, ಬಹಳ ಮೆಲ್ಲಗೆ, ನೆಲಕ್ಕಿಟ್ಟು ಹಿಂದೆ ಸರಿದ. ಅಕ್ಬರಸಾಬ ತಾನು ಹಾಕಿಸಿದ ಬೆಂಚಿನ ಮೇಲೆ ತಾನೇ ಕೂತುಬಿಟ್ಟ. "ನಂಗ ಗೊತ್ತಿರಲಿಲ್ಲವ್ವಾ," ಎಂದ. "ನಾನೂ ಅದನ್ನ ಕುಡದೇನಿ." ಲಗಮಣ್ಣನ ಹೊಟ್ಟೆ ಆಗಲೇ ಮತ್ತೊಮ್ಮೆ ತಿರುಚಿತು. ಈ ಸಲ ಅದು ಏನೆಂದು ಅವನಿಗೆ ಗೊತ್ತಿತ್ತು.

ನೀರು ಒಯ್ಯಲು ಬಂದಿದ್ದ ಟ್ರ್ಯಾಕ್ಟರುಗಳಲ್ಲೇ ಜನ ಮಿರಜದ ದವಾಖಾನೆಗೆ ಹೋದರು. ಅಲ್ಲಿಯ ಡಾಕ್ಟರು ಒಂದೇ ಊರಿನ ನೂರಾರು ಗಂಡಸರು, ಒಬ್ಬ ಹೆಂಗಸೂ ಇಲ್ಲದೆ, ಒಂದೇ ಬಾವಿಯ ಕೆಟ್ಟ ನೀರು ಇಷ್ಟಿಷ್ಟು ಕುಡಿದದ್ದು ಯಾಕೆಂದು ತಿಳಿಯದೆ ದಂಗಾದರು. ಕೇಳಿದವರಿಗೆಲ್ಲ "ಸೆಕಿ ಭಾಳ ಇತ್ರಿ" ಎಂಬ ಒಂದೇ ಉತ್ತರ. ಕೊನೆಗೆ ಚನ್ನವ್ವನನ್ನು ಕೇಳಿದರು. ಅವಳು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದುಕೊಂಡು ಬಂದರು. ಕುಡಿದದ್ದು ಹನ್ನೆರಡೇ ದಿನ ಅಂತ ಬಚಾವಾದಿರಿ, ಹೊಟ್ಟೆನೋವು ಇದ್ದವರು ಎರಡು ದಿನ ಇರಲಿ, ಉಳಿದವರು ಆ ನೀರು ಬಿಟ್ಟು ಮನೆಗೆ ಹೋಗಲಿ ಎಂದರು.

ಲಗಮಣ್ಣನಿಗೆ ಕಿಡಕಿಯ ಪಕ್ಕದ ಕಾಟು ಸಿಕ್ಕಿತು. ಸಂಜೆಗೆ ಪಕ್ಕದ ಕಾಟಿಗೆ ರಾಯಬಾಗದಿಂದ ಒಬ್ಬರನ್ನು ತಂದು ಮಲಗಿಸಿದರು. ನೋಡಿದರೆ ಗೌರಾಬಾಯಿಯ ಗಂಡ ಜಕ್ಕಪ್ಪ. ಬೀಗರು ಕೊಟ್ಟ ಎರಡು ಕ್ಯಾನನ್ನೂ ಮೂರು ದಿನದಲ್ಲಿ ಮುಗಿಸಿದ್ದ. ಗೌರಾಬಾಯಿ ಅವನ ಕಾಲದೆಸೆಗೆ ಕೂತು, ಲಗಮಣ್ಣನ ಕಡೆ ಬೆನ್ನು ತಿರುಗಿಸಿದಳು.

ಆ ದಿನ ಜಕ್ಕಪ್ಪ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಇಲ್ಲ. ಲಗಮಣ್ಣ ಗೋಡೆಯ ಕಡೆ ಮುಖ ಮಾಡಿ, ಮಗನ ಮದುವೆ ಮುರಿಯುವ ಮಾತು ಯಾವಾಗ ಬರುತ್ತದೋ ಎಂದು ಕಾದ. ಊಟವಾದ ಮೇಲೆ ಬಂತು.

"ಬೀಗರ," ಎಂದ ಜಕ್ಕಪ್ಪ, ಸೂರು ನೋಡುತ್ತ. "ನಿಮಗ ಮರಾಠಿ ಎಷ್ಟು ಬರ್ತೈತ್ರಿ?"

ಲಗಮಣ್ಣ ಹೆಂಡತಿಯ ಕಡೆ ನೋಡಿದ. ಚನ್ನವ್ವ ಸೇಬು ಹೆಚ್ಚುತ್ತಿದ್ದ ಕೈ ನಿಲ್ಲಿಸಿದಳು.

"ಬರಂಗಿಲ್ರಿ," ಎಂದ.

"ಹುಡುಗಗ?"

"ಅವಗ ಅವರವ್ವ ಕಲಿಸ್ಯಾಳ್ರಿ. ಅವಗ ಬರ್ತೈತಿ."

ಜಕ್ಕಪ್ಪ ಯೋಚಿಸಿದ. ಹೆಂಡತಿಯ ಕಡೆ ನೋಡಿದ. ಗೌರಾಬಾಯಿ ಒಂದಿಷ್ಟು ಈ ಕಡೆ ತಿರುಗಿದಳು.

"ಹಂಗಾದ್ರ ಮದುವಿ ಆಗ್ಲಿ," ಎಂದ ಜಕ್ಕಪ್ಪ. "ಮಾತುಕತಿಗೆ ಮಾತ್ರ ನೀವು ಬರಬ್ಯಾಡ್ರಿ. ಅಕ್ಕಾರನ್ನ ಕಳಸ್ರಿ."

ಚನ್ನವ್ವ ಸೇಬಿನ ಹೋಳು ಮೊದಲು ಗೌರಾಬಾಯಿಗೆ ಕೊಟ್ಟಳು. ಅವಳು ತೆಗೆದುಕೊಂಡಳು.

ಅಷ್ಟರಲ್ಲಿ ನರ್ಸ್ ಬಾಯಿ ಬಂದು ಲಗಮಣ್ಣನ ನಾಡಿ ನೋಡಿ, ಮರಾಠಿಯಲ್ಲಿ ಏನೋ ಸರಸರ ಹೇಳಿ, ತಿಳಿಯಿತೇ ಎಂಬಂತೆ ಹುಬ್ಬೇರಿಸಿದಳು. ಲಗಮಣ್ಣನ ತಲೆ ರೂಢಿಯಂತೆ ಆಡಲು ಹೊರಟಿತ್ತು. ಅವನು ಅದನ್ನು ದಿಂಬಿಗೆ ಒತ್ತಿ ಹಿಡಿದ.

"ಏನಂತಾಳ ಕೇಳು, ಚನ್ನವ್ವಾ."

"ನಾಳೆ ಮನಿಗೆ ಹೋಗಬಹುದಂತ."

ಲಗಮಣ್ಣ ಬಾಗಿಲ ಕಡೆಗೆ ಹೊರಟ ನರ್ಸ್ ಬಾಯಿಯನ್ನು ನೋಡಿದ.

"ಇನ್ನೊಮ್ಮೆ ಕೇಳಿ ನೋಡು," ಎಂದ.